ಹದಿಮೂರು ಅಡಿಯ ಟ್ರೇಲರಿನಲ್ಲಿ ಅತ್ತೆಗೊಂದು ಕೂರುವ ಜಾಗ

ಹೊರಗೆ ಬೆಳಗಿನಿಂದ ಒಂದೇ ಸಮನೆ ಮಳೆ. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಯಂಥ ನಮ್ಮ ಕ್ಯಾಂಪರ್ ಟ್ರೇಲರಿನ ಒಳಗೆ ಎರಡು ಬೆಂಚೂ ಖಾಲಿ. ಅತ್ತೆ ಮಾತ್ರ ಒಲೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ಪುಸ್ತಕ ಓದುತ್ತಿದ್ದರು.

"ಕೂತ್ಕೊಳ್ಳಿ ಅತ್ತೆ" ಅಂದೆ.

"ಬೇಡ ಕಣೇ. ಕೂತ್ರೆ ಕಾಲು ಜೋಮು ಹಿಡಿಯುತ್ತೆ. ಆಮೇಲೆ ಏಳೋಕೂ ಆಗಲ್ಲ. ನಿಂತಿದ್ರೇನೇ ಆರಾಮ."

ನನಗೆ ತುಂಬಾ ಬೇಜಾರಾಯಿತು. ಅವರೂ ಜೊತೆಗೆ ಬರಲಿ ಅಂತಲೇ ಟ್ರೇಲರ್ ತೆಗೆದುಕೊಂಡಿದ್ದು. ಅದರಲ್ಲಿ ಅವರಿಗೆ ಕೂರಲು ಜಾಗವೇ ಇಲ್ಲ ಅಂದರೆ ಹೇಗೆ? ವಾಪಸ್ ಬಂದ ವಾರವೇ ಬೆಂಚುಗಳ ಕೆಲಸಕ್ಕೆ ಕೈ ಹಾಕಿದೆವು. ಮುಗಿಯಲು ಏಳೆಂಟು ತಿಂಗಳು ಬೇಕಾಯಿತು. ಅದರಲ್ಲಿ ಮೊದಲ ಎರಡು ತಿಂಗಳು ತಪ್ಪು ದಾರಿಯಲ್ಲೇ ಹೋದವು.

ನಮ್ಮದು 13 ಅಡಿಯ ಪುಟ್ಟ ಟ್ರೇಲರ್. ಹಿಂಬದಿಯಲ್ಲಿ ಎದುರು ಬದುರಾಗಿ ಎರಡು ಬೆಂಚು, ನಡುವೆ ಟೇಬಲ್. ರಾತ್ರಿ ಟೇಬಲ್ಲನ್ನು ಬೆಂಚಿನ ಮಟ್ಟಕ್ಕೆ ಇಳಿಸಿ, ಒರಗುವ ದಿಂಬುಗಳನ್ನು ನಡುವೆ ಹಾಸಿದರೆ ಅದೇ ಹಾಸಿಗೆ. ನಾನು, ನಮ್ಮ ಯಜಮಾನರು ಇಬ್ಬರೂ ಅಲ್ಲಿ ಮಲಗುತ್ತೇವೆ, ಅತ್ತೆ ಮುಂಬದಿಯ ಚಿಕ್ಕ ಮಂಚದಲ್ಲಿ. ಬೆಂಚು ಅಂದರೆ ಪ್ಲೈವುಡ್ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ 4 ಇಂಚಿನ ಫೋಮ್. ಹಳೆಯ ಫೋಮ್ ಎಷ್ಟು ಸತ್ತು ಹೋಗಿತ್ತು ಅಂದರೆ, ಯಾರಾದರೂ ಕೂತಾಗ ಅದರ ಅಡಿಗೆ ಕೈ ತೂರಿಸಿದರೆ ಅವರ ಮೂಳೆ ಬೆರಳಿಗೆ ತಾಗುತ್ತಿತ್ತು.

ಹಾಗಾಗಿ ಗಟ್ಟಿಯಾಗಿದೆ, ಮೆತ್ತಗೆ ಮಾಡಬೇಕು ಅಂದುಕೊಂಡೆವು. 6 ಇಂಚಿನ ಮೆತ್ತನೆಯ ಫೋಮ್ ತಂದು ಹಾಕಿದೆವು. ಮೊದಲ ಹದಿನೈದು ನಿಮಿಷ ಸ್ವರ್ಗ. ಆಮೇಲೆ ಒಂದೊಂದೇ ತೊಂದರೆ ಶುರುವಾಯಿತು. ಸೊಂಟ 3 ಇಂಚು ಕೆಳಗಿಳಿಯಿತು, ಮುಂದಿನ ಅಂಚು ಮಾತ್ರ ಎತ್ತರದಲ್ಲೇ ಉಳಿಯಿತು. ಆ ಅಂಚು ತೊಡೆಯ ಅಡಿಗೆ ಒತ್ತಿ ಕಾಲಿಗೆ ಮೊದಲಿಗಿಂತ ಬೇಗ ಜೋಮು ಹಿಡಿಯಿತು. ಅತ್ತೆಯ ಅಂಗಾಲು ನೆಲಕ್ಕೇ ಮುಟ್ಟಲಿಲ್ಲ. ಗುಂಡಿಯಿಂದ ಎದ್ದು ಬರುವ ಹಾಗೆ ಎರಡು ಕೈಯಲ್ಲಿ ಟೇಬಲ್ ಹಿಡಿದು ಏಳಬೇಕಾಯಿತು. ಅದೂ ಅಲುಗಾಡುವ ಟೇಬಲ್. ರಾತ್ರಿ ಹಾಸಿಗೆ ಮಾಡಿದರೆ ಸೀಟಿನ ದಿಂಬು 6 ಇಂಚು, ಒರಗುವ ದಿಂಬು 4 ಇಂಚು. ಸರಿಯಾಗಿ ಸೊಂಟ ಬರುವ ಕಡೆ 2 ಇಂಚಿನ ಹಳ್ಳ!

ಆಗ ಇವರು ಅಳತೆ ಪಟ್ಟಿ ತಂದರು. "ಫೋಮ್ ಆಮೇಲೆ ನೋಡೋಣ. ಮೊದಲು ನಮ್ಮನ್ನ ಅಳೆಯೋಣ" ಅಂದರು. ಇಡೀ ಕೆಲಸದಲ್ಲಿ ನಮ್ಮ ಕೈ ಹಿಡಿದ ಮಾತು ಅದೇ.

ಮೂವರೂ ಗಟ್ಟಿ ಸ್ಟೂಲಿನ ಮೇಲೆ ಕೂತು ಎರಡೇ ಅಳತೆ ತೆಗೆದುಕೊಂಡೆವು. ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಎಷ್ಟು? ಬೆನ್ನಿನ ಕೊನೆಯಿಂದ ಅದೇ ಮಡಿಕೆವರೆಗೆ ಎಷ್ಟು? ಅತ್ತೆಗೆ 15 ಮತ್ತು 17 ಇಂಚು. ನನಗೆ 16 ಮತ್ತು 18. ಇವರಿಗೆ 18 ಮತ್ತು 20. ಬೆಂಚಿನ ಸೀಟಿನ ಆಳ ನೋಡಿದರೆ 20 ಇಂಚು. ಅತ್ತೆ ಬೆನ್ನು ಒರಗಿಸಿದರೆ ಮೊಣಕಾಲು ಮಡಿಸಲು ಆಗುವುದೇ ಇಲ್ಲ. ಕಾಲು ಮಡಿಸಿ ಮುಂದೆ ಬಂದು ಕೂತರೆ ಬೆನ್ನಿಗೆ ಏನೂ ಇಲ್ಲ. ಸೀಟಿನ ಅಂಚಿಗೂ ಮೊಣಕಾಲಿನ ಮಡಿಕೆಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಬೇಕು. ಇಲ್ಲದಿದ್ದರೆ ನರ, ರಕ್ತನಾಳ ಹಾದುಹೋಗುವ ಜಾಗವನ್ನೇ ಅಂಚು ಅದುಮಿ ಹಿಡಿಯುತ್ತದೆ. ಅತ್ತೆಗೆ ಜೋಮು ಹಿಡಿಯುತ್ತಿದ್ದದ್ದು ಇದಕ್ಕೆ. ಫೋಮ್ ಎಷ್ಟೇ ಒಳ್ಳೆಯದಾದರೂ ಇದು ಸರಿ ಹೋಗುತ್ತಿರಲಿಲ್ಲ.

ಇನ್ನೊಂದು ತೊಂದರೆ ಒರಗುವ ಕೋನದ್ದು. ಗೋಡೆ ನೆಟ್ಟಗೆ, ದಿಂಬೂ ನೆಟ್ಟಗೆ, ಪೂರಾ 90 ಡಿಗ್ರಿ. ಹಾಗೆ ತುಂಬಾ ಹೊತ್ತು ಕೂರಲು ಯಾರಿಂದಲೂ ಆಗಲ್ಲ. ಸ್ವಲ್ಪ ಹೊತ್ತಿಗೇ ಸೊಂಟ ಮುಂದೆ ಜಾರಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜನರ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕಿನೊಳಗೆ ಸೂಜಿ ಇಳಿಸಿ, ಅಲ್ಲಿನ ಒತ್ತಡವನ್ನೇ ನೇರವಾಗಿ ಅಳೆದರು. ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕೂತಾಗ ಒತ್ತಡ ಏರುತ್ತದೆ. ಹಿಂದಕ್ಕೆ ವಾಲಿ, ಸೊಂಟಕ್ಕೆ ಆಸರೆ ಕೊಟ್ಟರೆ ಇಳಿಯುತ್ತದೆ. ಇವರಿಗೆ ಮೊದಲೇ ಡಿಸ್ಕಿನ ನೋವು. ಟ್ರೇಲರಿನಲ್ಲಿ ಎರಡು ದಿನ ಕಳೆದರೆ ಮೂರನೇ ದಿನ ಯಾಕೆ ಡೊಂಕಾಗಿ ನಡೆಯುತ್ತಾರೆ ಅಂತ ಆಗ ಅರ್ಥವಾಯಿತು. ನೂರು ಡಿಗ್ರಿಯ ಹತ್ತಿರ ತಂದರೂ ಸಾಕಿತ್ತು. ಆದರೆ ರಾತ್ರಿ ಅದೇ ದಿಂಬು ಹಾಸಿಗೆ ಆಗಬೇಕಲ್ಲ?

ಇದನ್ನು ಬಿಡಿಸಲು ಸುಮಾರು ದಿನ ಹಿಡಿಯಿತು. ಬುಡದಲ್ಲಿ ದಪ್ಪ, ಮೇಲೆ ತೆಳು ಇರುವ ಇಳಿಜಾರು ದಿಂಬು ಮಾಡಿಸಿದರೆ ಕೂರಲು ಚೆನ್ನ, ಆದರೆ ಮಲಗಿದರೆ ನಡುವೆ ಹಳ್ಳ ದಿಣ್ಣೆ. ಹಾಗಾಗಿ ದಿಂಬು ಚಪ್ಪಟೆಯಾಗಿಯೇ ಇರಲಿ, ಅದರ ಹಿಂದೆ ಇಳಿಜಾರಿನ ಒಂದು ಚೌಕಟ್ಟು ಇಡೋಣ ಅಂತ ತೀರ್ಮಾನಿಸಿದೆವು. ಮೊದಲು ಕಂಬಳಿಯನ್ನು ಉದ್ದಕ್ಕೆ ಸುತ್ತಿ ದಿಂಬಿನ ಬುಡದ ಹಿಂದೆ ತುರುಕಿ ನೋಡಿದೆವು. ಖರ್ಚಿಲ್ಲದ ಪರೀಕ್ಷೆ. ನಿಮ್ಮಲ್ಲೂ ಇಂಥ ಬೆಂಚು ಇದ್ದರೆ ಇವತ್ತೇ ಮಾಡಿ ನೋಡಿ. ಬೆನ್ನು ಹಿಂದಕ್ಕೆ ವಾಲಿದ ಕೂಡಲೇ ಇವರು "ಹಾ" ಅಂತ ಉಸಿರು ಬಿಟ್ಟದ್ದು ನನಗೆ ಇನ್ನೂ ಕಿವಿಯಲ್ಲಿದೆ. ಕಂಬಳಿ ಒಂದು ಗಂಟೆಯಲ್ಲಿ ಚಪ್ಪಟೆಯಾಯಿತು, ಆದರೆ ಅಳತೆ ಸಿಕ್ಕಿತು. ಬುಡದಲ್ಲಿ 3 ಇಂಚು.

ಚೌಕಟ್ಟು ತುಂಬಾ ಸರಳ. 9 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಉದ್ದನೆಯ ಮೂರು ತ್ರಿಕೋನ. ಬುಡ 3 ಇಂಚು, ಎತ್ತರ 20 ಇಂಚು. ಅವುಗಳ ಮೇಲೆ ಅಡ್ಡಕ್ಕೆ ಐದು ತೆಳು ಮರದ ಪಟ್ಟಿ. ಗೋಡೆಗೆ ಒಂದು ಸ್ಕ್ರೂ ಕೂಡ ಹೊಡೆಯಲಿಲ್ಲ, ಏಕೆಂದರೆ ತೆಳು ಗೋಡೆಯ ಒಳಗೆ ಎಲ್ಲಿ ವೈರ್ ಇದೆಯೋ ಯಾರಿಗೆ ಗೊತ್ತು. ವೆಲ್ಕ್ರೋ ಪಟ್ಟಿಯಲ್ಲಿ ನಿಲ್ಲುತ್ತದೆ. ರಾತ್ರಿ ಕಿತ್ತು ಟೇಬಲ್ಲಿನ ಅಡಿಗೆ ತಳ್ಳುತ್ತೇವೆ. ದಿಂಬು ಎಂಟು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಹಿಂದಕ್ಕೆ ವಾಲುತ್ತದೆ. ಕೇಳಲು ಕಡಿಮೆ, ಕೂತರೆ ಬೇರೆಯೇ ಬೆಂಚು. ಗೋಡೆಗೂ ದಿಂಬಿಗೂ ನಡುವೆ ಗಾಳಿ ಆಡುವುದರಿಂದ ದಿಂಬಿನ ಬೆನ್ನು ಮೊದಲಿನಂತೆ ಒದ್ದೆಯಾಗುವುದೂ ನಿಂತಿತು.

ಇದರಿಂದ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೇರೆ. ಬುಡ 3 ಇಂಚು ಮುಂದೆ ಬಂದದ್ದರಿಂದ ಸೀಟಿನ ಆಳ 20ರಿಂದ 17ಕ್ಕೆ ಇಳಿಯಿತು. ನನಗೆ ಸರಿಹೋಯಿತು. ಅತ್ತೆಗೆ ಸೊಂಟದ ಹಿಂದೆ 2 ಇಂಚಿನ ಚಿಕ್ಕ ದಿಂಬು ಇಟ್ಟರೆ 15 ಆಗುತ್ತದೆ, ಕರಾರುವಾಕ್ಕು. ಹಾಸಿಗೆ? ಮೊದಲು ಸೀಟಿನ ದಿಂಬು 20 ಇಂಚು, ಒರಗುವ ದಿಂಬು 17. ಈಗ ಅದನ್ನೇ ಅದಲು ಬದಲು ಮಾಡಿದೆವು. ಸೀಟು 17, ಒರಗುವುದು 20. ನಾಲ್ಕೂ ಸೇರಿದರೆ ಅಂದೂ 74 ಇಂಚು, ಇಂದೂ 74 ಇಂಚು. ಜೊತೆಗೆ ಬೆನ್ನಿನ ದಿಂಬು 3 ಇಂಚು ಎತ್ತರವಾಗಿ ಹೆಗಲ ಮೂಳೆಯ ಹತ್ತಿರ ಬಂತು. ಕಾಗದದ ಮೇಲೆ ಈ ಲೆಕ್ಕ ಹೊಂದಿದ ರಾತ್ರಿ ನಾನು ಇವರನ್ನು ಎಬ್ಬಿಸಿ ತೋರಿಸಿದೆ.

ಇನ್ನು ಫೋಮ್. ಇಲ್ಲಿ ನಾವು ತಿಳಿದುಕೊಂಡದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ.

ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಸಾಂದ್ರತೆ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು. ಅದು ಫೋಮ್ ಎಷ್ಟು ವರ್ಷ ಬಾಳುತ್ತದೆ ಅಂತ ಹೇಳುತ್ತದೆ, ಕೂತರೆ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಗಟ್ಟಿತನದ ಅಳತೆಯೇ ಬೇರೆ. 15 ಇಂಚು ಚೌಕ, 4 ಇಂಚು ದಪ್ಪದ ತುಂಡನ್ನು 8 ಇಂಚು ಅಗಲದ ದುಂಡು ತಟ್ಟೆಯಿಂದ ಕಾಲು ಭಾಗ ತಗ್ಗುವವರೆಗೆ ಒತ್ತುತ್ತಾರೆ. ಅದಕ್ಕೆ ಎಷ್ಟು ಪೌಂಡ್ ಬಲ ಬೇಕಾಯಿತೋ ಅದೇ ಅದರ ಸಂಖ್ಯೆ. ಹೆಚ್ಚು ಸಾಂದ್ರತೆಯ ಮೆತ್ತನೆ ಫೋಮ್ ಇದೆ, ಕಡಿಮೆ ಸಾಂದ್ರತೆಯ ಗಟ್ಟಿ ಫೋಮೂ ಇದೆ. ಎರಡನೆಯದು ಹೊಸದರಲ್ಲಿ ಚೆನ್ನಾಗಿದ್ದು, ಬಲು ಬೇಗ ಕುಸಿಯುತ್ತದೆ. ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿದರೆ ಯಾವುದೂ ಗೊತ್ತಾಗಲ್ಲ. ಒಂದು ಹಲಗೆಯ ಮೇಲೆ ಇಟ್ಟು ಇಪ್ಪತ್ತು ನಿಮಿಷ ಕೂರಬೇಕು. ನಾನು ಕೂತಿದ್ದೇನೆ. ಅಂಗಡಿಯವರು ಏನೂ ಅನ್ನಲಿಲ್ಲ.

ಕೊನೆಗೆ ನಾವು ಎರಡು ಪದರ ಆರಿಸಿಕೊಂಡೆವು. ಕೆಳಗೆ 3 ಇಂಚು ಗಟ್ಟಿ ಫೋಮ್, ಸಾಂದ್ರತೆ 40. ಮೇಲೆ 1 ಇಂಚು ಮೆತ್ತನೆಯದು. ಮೇಲಿನದು ಮೂಳೆಗೆ ಮೆತ್ತಗಿರುತ್ತದೆ, ಕೆಳಗಿನದು ಹಲಗೆಗೆ ತಾಗದಂತೆ ಎತ್ತಿ ಹಿಡಿಯುತ್ತದೆ. ಒಟ್ಟು 4 ಇಂಚೇ. ಮುಚ್ಚಳ ನೆಲದಿಂದ 14 ಇಂಚು, ಕೂತಾಗ ಫೋಮ್ ಸುಮಾರು 1 ಇಂಚು ತಗ್ಗುತ್ತದೆ, ಅಲ್ಲಿಗೆ 17. ಟೇಬಲ್ 28ರಲ್ಲಿದೆ. ನಡುವೆ 11 ಇಂಚು ಉಳಿಯುತ್ತದೆ. ಬರೆಯಲು, ಊಟಕ್ಕೆ, ತೊಡೆ ಆಡಿಸಲು ಹದವಾದ ಅಂತರ.

ಬರೀ ಕೂರುವುದಕ್ಕಾದರೆ ಬೆನ್ನಿನ ದಿಂಬಿಗೆ ಇನ್ನೂ ಮೆತ್ತನೆಯ ಫೋಮ್ ಹಾಕಬಹುದಿತ್ತು. ಆದರೆ ರಾತ್ರಿ ನಮ್ಮ ಸೊಂಟ ಬರುವುದೇ ಆ ದಿಂಬುಗಳ ಮೇಲೆ. ಅದಕ್ಕೇ ನಾಲ್ಕಕ್ಕೂ ಒಂದೇ ಫೋಮ್.

ಒತ್ತಿದ ಆಕಾರ ಹಿಡಿದು ನಿಧಾನಕ್ಕೆ ಮೇಲೇಳುವ ಮೆಮೊರಿ ಫೋಮ್ ಯಾಕೆ ಬೇಡ ಅಂತ ಕೇಳಬಹುದು. ಅದು 1966ರಲ್ಲಿ ನಾಸಾಕ್ಕಾಗಿ, ವಿಮಾನದ ಸೀಟು ಸುಧಾರಿಸಲು ಹುಟ್ಟಿದ್ದು. ಒಳ್ಳೆಯ ವಸ್ತುವೇ. ಆದರೆ ಚಳಿಗೆ ಬಿಗಿಯಾಗುತ್ತದೆ, ಬಿಸಿಗೆ ಸಡಿಲಾಗುತ್ತದೆ. ರಾತ್ರಿಯೆಲ್ಲ ತಣ್ಣಗಾದ ಟ್ರೇಲರಿನಲ್ಲಿ ಬೆಳಗ್ಗೆ ಅದರ ಮೇಲೆ ಕೂತರೆ ಹಲಗೆಯಂತಿರುತ್ತದೆ. ಹೀಟರ್ ಸದಾ ಉರಿಯುವ ದೊಡ್ಡ ಗಾಡಿಗೆ ಸರಿ.

ಕವರ್ ಹೊಲಿದದ್ದು ನಾನು. ಫೋಮನ್ನು ಕವರಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಸುತ್ತ ಪಾಲಿಯೆಸ್ಟರ್ ಹತ್ತಿಯ ಪದರ ಹೊದಿಸಿ ಒಳಗೆ ತುಂಬಿದರೆ ಮೂಲೆಗಳು ನೆಟ್ಟಗೆ ನಿಲ್ಲುತ್ತವೆ, ಬಟ್ಟೆ ಸುಕ್ಕಾಗಲ್ಲ. ಜಿಪ್ಪನ್ನು ಹಿಂಬದಿಗೆ ಮಾತ್ರ ಇಡದೆ ಎರಡೂ ಪಕ್ಕಕ್ಕೆ ನಾಲ್ಕು ಇಂಚು ತಿರುಗಿಸಿ. ಇಲ್ಲದಿದ್ದರೆ ಫೋಮ್ ತುಂಬುವಾಗ ಹೊಲಿಗೆಯೇ ಕಿತ್ತು ಬರುತ್ತದೆ. ಅಂದಕ್ಕೆ ಅಂತ ಮುಂದಿನ ಅಂಚಿಗೆ ಪೈಪಿಂಗ್, ಅಂದರೆ ಒಳಗೆ ದಾರ ಇಟ್ಟು ಹೊಲಿದ ಉಬ್ಬು ಪಟ್ಟಿ, ಕೊಟ್ಟಿದ್ದೆ. ಅದು ತೊಡೆಯ ಅಡಿಗೆ ಹಗ್ಗದಂತೆ ಒತ್ತಿತು. ಬಿಚ್ಚಿದೆ. ಬಿಚ್ಚುವಾಗಲೇ ಫೋಮಿನ ಮುಂದಿನ ಮೇಲಂಚನ್ನು ಒಂದು ಇಂಚಿನಷ್ಟು ಇಳಿಜಾರಾಗಿ ಸವರಿದೆ. ಆ ಒಂದು ಸವರುವಿಕೆಯಿಂದ ಸಿಕ್ಕ ಸುಖ ದೊಡ್ಡದು. ನೀವು ಬೇರೇನೂ ಮಾಡದಿದ್ದರೂ ಅದೊಂದನ್ನು ಮಾಡಿ.

ಬಟ್ಟೆ ನೇಯ್ದದ್ದೇ ಇರಲಿ. ರೆಕ್ಸಿನ್ ಒರೆಸಲು ಸುಲಭ ನಿಜ, ಆದರೆ ಬೆವರಿದರೆ ಅಂಟುತ್ತದೆ, ವಾಲಿದ ಬೆನ್ನು ನಿಧಾನವಾಗಿ ಜಾರುತ್ತದೆ.

ಹಳೆಯ ದಿಂಬು ಎತ್ತಿದಾಗ ಮುಚ್ಚಳದ ಮೇಲೆ ಕಪ್ಪು ಬೂಷ್ಟು ಇತ್ತು. ಮಲಗಿದವರ ಬೆವರು, ಉಸಿರಿನ ತೇವ ಫೋಮಿನ ಮೂಲಕ ಇಳಿದು ತಣ್ಣನೆಯ ಪ್ಲೈವುಡ್ಡಿಗೆ ತಾಗಿ ನೀರಾಗುತ್ತದೆ. ಮುಚ್ಚಳದಲ್ಲಿ ನಾಲ್ಕು ನಾಲ್ಕು ಇಂಚಿಗೆ ಒಂದರಂತೆ 1 ಇಂಚಿನ ತೂತು ಕೊರೆದೆವು. ಅಂಚಿನ ಹತ್ತಿರ, ಕೀಲು ಇರುವ ಕಡೆ ಕೊರೆಯಲಿಲ್ಲ, ಅಲ್ಲಿ ಹಲಗೆಗೆ ಬಲ ಬೇಕು. ಬೆಳಗ್ಗೆ ಎದ್ದ ಕೂಡಲೇ ದಿಂಬುಗಳನ್ನು ಅರ್ಧ ಗಂಟೆ ನಿಲ್ಲಿಸಿ ಇಡುತ್ತೇವೆ. ಮುಗ್ಗಲು ವಾಸನೆ ಹೋಯಿತು.

ಈಗ ಅತ್ತೆ ಏಳುವ ವಿಷಯಕ್ಕೆ ಬರುತ್ತೇನೆ.

ಆಳ ಸರಿಯಾಯಿತು, ಬೆನ್ನು ಸರಿಯಾಯಿತು. ಆದರೂ ಅವರಿಗೆ ಏಳುವುದು ಕಷ್ಟವಾಗುತ್ತಿತ್ತು. ಮನೆಯ ಕುರ್ಚಿಯೂ ಇಷ್ಟೇ ಎತ್ತರ, ಅದರಿಂದ ಸಲೀಸಾಗಿ ಏಳುತ್ತಾರೆ. ಯಾಕೆ ಅಂತ ಗೊತ್ತಾಗಲಿಲ್ಲ. ಒಂದು ದಿನ ಮನೆಯಲ್ಲಿ ಅವರು ಏಳುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಏಳುವ ಮುಂಚೆ ಪಾದಗಳನ್ನು ಹಿಂದಕ್ಕೆ, ಕುರ್ಚಿಯ ಅಡಿಗೆ ಎಳೆದುಕೊಂಡರು. ಮೈ ಮುಂದಕ್ಕೆ ಬಾಗಿತು. ಭಾರ ಪಾದದ ಮೇಲೆ ಬಂತು. ಎದ್ದರು. ನೀವೂ ಈಗ ಕೂತಲ್ಲಿಂದಲೇ, ಪಾದ ಹಿಂದಕ್ಕೆ ಎಳೆಯದೆ ಏಳಲು ನೋಡಿ. ಕಷ್ಟ, ಅಲ್ವಾ? ಟ್ರೇಲರಿನ ಬೆಂಚು ಮುಚ್ಚಿದ ಪೆಟ್ಟಿಗೆ. ಹಿಮ್ಮಡಿ ಪ್ಲೈವುಡ್ಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಇಷ್ಟು ದಿನ ನಾವು ಅವರ ಮೊಣಕಾಲನ್ನು ದೂರುತ್ತಿದ್ದೆವು. ಅಡ್ಡಿಯಾಗಿದ್ದದ್ದು ಹಲಗೆ.

ಒಂದು ಬೆಂಚಿನ ಒಳಗೆ ನೀರಿನ ಟ್ಯಾಂಕ್ ಇದೆ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದರಲ್ಲಿ ಬರೀ ಸಾಮಾನು. ಅದನ್ನು ಅತ್ತೆಯ ಬೆಂಚು ಮಾಡಿದೆವು. ಒಳಗೆ ವೈರ್, ಪೈಪ್ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಂದಿನ ಹಲಗೆಯ ಬುಡದಲ್ಲಿ 5 ಇಂಚು ಎತ್ತರ ಕತ್ತರಿಸಿ, 4 ಇಂಚು ಒಳಕ್ಕೆ ಇನ್ನೊಂದು ಹಲಗೆ ಕೂರಿಸಿದೆವು. ಕತ್ತರಿಸಿದ ಮೇಲೆ ಮುಚ್ಚಳದ ಭಾರ ಹೊರಲು ಎರಡು ತುದಿಗೂ, ನಡುವೆಯೂ ಮರದ ಕಾಲು ಕೊಟ್ಟೆವು. ಅಡುಗೆಮನೆ ಕಪಾಟಿನ ಬುಡದಲ್ಲಿ ಕಾಲ್ಬೆರಳಿಗೆ ಜಾಗ ಬಿಟ್ಟಿರುತ್ತಾರಲ್ಲ, ಹಾಗೆ. ಅದೇ ಗೂಡಿನಲ್ಲಿ 2 ಇಂಚು ಎತ್ತರದ ಕಾಲ್ಮಣೆಯೊಂದು ಇರುತ್ತದೆ. ಕೂತ ಮೇಲೆ ಎಳೆದುಕೊಂಡರೆ ಅತ್ತೆಯ ಅಂಗಾಲಿಗೆ ನೆಲ ಸಿಗುತ್ತದೆ. ಏಳುವಾಗ ಪಕ್ಕಕ್ಕೆ ಸರಿಸುತ್ತಾರೆ.

ಮೊದಲ ಸಲ ಕೂತು, ಹಿಮ್ಮಡಿ ಒಳಗೆ ಎಳೆದುಕೊಂಡು, ಟೇಬಲ್ ಮುಟ್ಟದೆ ಎದ್ದರು. ಮತ್ತೆ ಕೂತರು. ಮತ್ತೆ ಎದ್ದರು. ನಾಲ್ಕೈದು ಸಲ ಸುಮ್ನೆ ಹಾಗೇ ಮಾಡಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು.

ಎರಡು ಸಣ್ಣ ವಿಷಯ ಹೇಳಿಬಿಡುತ್ತೇನೆ. ಟ್ರೇಲರ್ ನಿಲ್ಲಿಸಿದ ಮೇಲೆ ಮಟ್ಟ ನೋಡದೆ ಸೀಟನ್ನು ಬೈಯಬೇಡಿ. ನೆಲ ಮುಂದಕ್ಕೆ ಸ್ವಲ್ಪ ವಾಲಿದ್ದರೂ ಒಂದು ಬೆಂಚಿನಲ್ಲಿ ಕೂತವರು ಜಾರುತ್ತಿರುತ್ತಾರೆ, ಎದುರಿನವರು ಹಿಂದಕ್ಕೆ ಬೀಳುತ್ತಿರುತ್ತಾರೆ. ಮತ್ತೆ, ಬೆಂಚು ಹಿಂಬದಿಯಲ್ಲಿದ್ದರೆ ಅದರ ಪೆಟ್ಟಿಗೆಯಲ್ಲಿ ಭಾರದ ಸಾಮಾನು ತುಂಬಬೇಡಿ. ಹಿಂದೆ ಭಾರ ಜಾಸ್ತಿಯಾದಷ್ಟೂ, ಎಳೆಯುವ ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಮೇಲಿನ ಭಾರ ಕಡಿಮೆಯಾಗಿ, ಓಡುವಾಗ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಕಂಬಳಿ, ಬಟ್ಟೆ ಅಷ್ಟೇ.

ಈಗ ಉಳಿದಿರುವುದು ಇವರ ಸೀಟು. 17 ಇಂಚಿನ ಆಳ ನನಗೂ ಅತ್ತೆಗೂ ಸರಿ, ಇವರ ಉದ್ದನೆಯ ತೊಡೆಗೆ ಸಾಲದು. ತೊಡೆಯ ಮುಂಭಾಗಕ್ಕೆ ಆಸರೆ ಇಲ್ಲದೆ ಕಾಲಿನ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೇ ಗಮನಿಸಿದ್ದು. ಮುಂದಿನ ಅಂಚಿಗೆ ಬೇಕಾದಾಗ ಎಳೆದುಕೊಳ್ಳುವ 2 ಇಂಚಿನ ಹಲಗೆ, ಅದರ ಮೇಲೆ ಮಿಕ್ಕ ಫೋಮಿನ ಪಟ್ಟಿ ಅಂತ ಯೋಚನೆ. ಸದ್ಯಕ್ಕೆ ಪಟ್ಟಿಯನ್ನು ಟೇಪಿನಲ್ಲಿ ಅಂಟಿಸಿದ್ದೇನೆ. ಬರುವ ಶನಿವಾರ ಇವರು ಅದರ ಮೇಲೆ ಎರಡು ಗಂಟೆ ಕೂತು ಏನು ಹೇಳುತ್ತಾರೋ ನೋಡಿ, ಆಮೇಲೆ ಹಲಗೆ ಕತ್ತರಿಸಬೇಕು.